ಜೇಬಿನಲ್ಲಿ ಮೂರು ಫ್ಯೂಸು

ಮಿಸ್ತ್ರಿಯ ಖಾಕಿ ಅಂಗಿಯ ಎಡಜೇಬು ಜೋತುಬಿದ್ದಿರುತ್ತಿತ್ತು. ಬಲಜೇಬು ಇಸ್ತ್ರಿ ಹಾಕಿದ ಹಾಗೇ ನೆಟ್ಟಗೆ. ಎಡಜೇಬಿನ ಹೊಲಿಗೆ ಮಾತ್ರ ಎಷ್ಟೋ ಸಲ ಬಿಚ್ಚಿ, ಸಿಕ್ಕ ಬಣ್ಣದ ದಾರದಲ್ಲಿ ಮತ್ತೆ ಹಾಕಿದ್ದು. ಕೆಲಸದ ಮೇಲಿದ್ದಾಗ ಅವರು ನಡೆದರೆ ಆ ಜೇಬಿನಿಂದ ಚಾದ ಕಪ್ಪಿಗೆ ಬಸಿ ತಾಗಿದಂಥ ಸಣ್ಣ ಸದ್ದು ಬರುತ್ತಿತ್ತು. ಒಳಗಿರುತ್ತಿದ್ದದ್ದು ಮೂರು ಬಿಳಿ ಪಿಂಗಾಣಿ ಫ್ಯೂಸು. ಯಾವುದೋ ಬಿಲ್ಡಿಂಗಿನ ಲಿಫ್ಟು ರಿಪೇರಿಗೆ ನಿಂತಿದೆ, ಅದರ ಕರೆಂಟು ಅವರ ಜೇಬಿನಲ್ಲಿದೆ ಎಂದು ಅದರ ಅರ್ಥ.

ಅವರು ಬೈಕುಲ್ಲಾದ ಒಂದು ಲಿಫ್ಟ್ ರಿಪೇರಿ ಕಂಪನಿಯಲ್ಲಿ ಎಲ್ಲರಿಗಿಂತ ಹಳೆಯ ಕೆಲಸಗಾರ. ವಿಜಾಪುರದ ಕಡೆಯವರು. ಮನೆಯಲ್ಲಿ ದಖನಿ ಉರ್ದು, ಊರಿನವರು ಸಿಕ್ಕರೆ ಕನ್ನಡ, ಉಳಿದವರ ಜೊತೆ ಮುಂಬಯಿಯ ಹಿಂದಿ. ಕಂಪನಿಯ ಮಾಲೀಕರಿಂದ ಹಿಡಿದು ಬಿಲ್ಡಿಂಗಿನ ವಾಚ್‌ಮನ್‌ವರೆಗೆ ಎಲ್ಲರೂ ಮಿಸ್ತ್ರಿ ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಕರೆದೆ. ಅವರ ಹೆಸರನ್ನು ನನ್ನ ಬಾಯಲ್ಲಿ ಹೇಳಿದ್ದು ಒಂದೇ ಸಲ, ಅದು ಯಾವಾಗ ಎಂದು ಕೊನೆಯಲ್ಲಿ ಹೇಳುತ್ತೇನೆ.

ನನ್ನದು ದಹಿಸರ್‌ನಲ್ಲಿ ಅಮ್ಮನ ಜೊತೆ ಮನೆ, ಫೋರ್ಟ್‌ನಲ್ಲಿ ನೌಕರಿ. ಕೆಳಗೆ ಉಡುಪಿ ಹೋಟೆಲು, ಮೇಲೆ ಮೂರನೇ ಮಾಳಿಗೆಯಲ್ಲಿ ನಮ್ಮ ಆಫೀಸು. ಬೇರೆಯವರ ಕಸುಬಿನ ನಕ್ಷೆ ಬರೆಯುವುದು ನಮ್ಮ ಕಸುಬು. ಒಂದು ಕಂಪನಿಯಲ್ಲಿ ಕೆಲಸ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ, ಎಲ್ಲಿ ಒಪ್ಪಿಗೆ ಬೇಕು, ಎಲ್ಲಿ ದಾರಿ ಎರಡಾಗುತ್ತದೆ, ಇದನ್ನೆಲ್ಲ ಚೌಕ ಮತ್ತು ಬಾಣಗಳಲ್ಲಿ ಬರೆಯುತ್ತೇವೆ. ಕಂಪ್ಯೂಟರು ಆ ನಕ್ಷೆಯನ್ನು ಓದಿ, ಒಬ್ಬೊಬ್ಬರ ಫೋನಿಗೆ ಅವರವರ ಕೆಲಸ ಕಳಿಸುತ್ತದೆ. ನಕ್ಷೆ ಬರೆಯುವುದಕ್ಕೂ ಒಂದು ಭಾಷೆ ಬೇಕಲ್ಲ, ಅದರ ಚೌಕಕ್ಕೆ, ಬಾಣಕ್ಕೆ ವ್ಯಾಕರಣ ಬೇಕಲ್ಲ? ಅದನ್ನು ಕಟ್ಟಿದವಳು ನಾನು. ಆಗ ನನಗೆ ಅದರ ಬಗ್ಗೆ ಇದ್ದ ಜಂಬ ಅಷ್ಟಿಷ್ಟಲ್ಲ.

ಜಂಬಕ್ಕೆ ಕಾರಣವೂ ಇತ್ತು. ಬೇರೆಯವರ ನಕ್ಷೆಗಳು ಸೆಟೆದುಕೊಂಡಿರುತ್ತಿದ್ದವು. ಒಬ್ಬ ರಜೆ ಹಾಕಿದರೆ ಕೆಲಸ ಅವನ ಮೇಜಿನ ಮೇಲೇ ಸತ್ತು ಬಿದ್ದಿರುತ್ತಿತ್ತು. ನನ್ನ ನಕ್ಷೆ ಬಳುಕುತ್ತಿತ್ತು. ಪ್ರತಿಯೊಬ್ಬರಿಗೂ ಒಬ್ಬ ಬದಲಿ. ಅರ್ಧ ಗಂಟೆ ಫೋನಿಗೆ ಉತ್ತರ ಬರದಿದ್ದರೆ ಕೆಲಸ ತಾನಾಗಿ ಬದಲಿಯವರಿಗೆ ಹೋಗಬೇಕು. ಯಾವ ಚೌಕವೂ ಒಬ್ಬನನ್ನೇ ನೆಚ್ಚಿಕೊಂಡು ಕೂರಬಾರದು ಎಂಬುದು ನನ್ನ ಭಾಷೆಯ ಮೊದಲ ನಿಯಮ. ನಮ್ಮ ಬಾಸ್ ಅದನ್ನು ದೊಡ್ಡ ಅಕ್ಷರದಲ್ಲಿ ಗೋಡೆಗೆ ಅಂಟಿಸಿದ್ದರು.

ಲಿಫ್ಟ್ ಕಂಪನಿಯ ಕೆಲಸ ನಮಗೆ ಬಂದಾಗ, ಅದನ್ನು ನನಗೆ ವಿವರಿಸಲು ಅವರು ಮಿಸ್ತ್ರಿಯನ್ನು ಕಳಿಸಿದರು. ಬಂದವರು ಕುರ್ಚಿಯ ತುದಿಯಲ್ಲಿ ಕೂತು ನನ್ನ ಪರದೆಯನ್ನು ಬಹಳ ಹೊತ್ತು ನೋಡಿದರು. ದೂರು ದಾಖಲು, ಮೆಕ್ಯಾನಿಕ್ ನೇಮಕ, ಕರೆಂಟ್ ಬಂದ್, ರಿಪೇರಿ, ಕರೆಂಟ್ ಚಾಲು, ಗಿರಾಕಿಯ ಸಹಿ. ಎಲ್ಲ ಸಾಲಾಗಿ, ಅಂದವಾಗಿ ಇತ್ತು.

"ಚಲೋ ಬರದೀ ಬೇಟಿ," ಅಂದರು. "ಕೆಲಸ ಎಲ್ಲಾ ಅದಾವ. ಮನಷ್ಯಾ ಎಲ್ಲಿ ಅದಾನ?"

"ಇಲ್ಲಿ ನೋಡಿ, ಚೌಕದ ಕೆಳಗೆ ಹೆಸರಿದೆ."

"ಹೆಸರು ಐತಿ, ಖರೆ. ಆಂವ ಆ ಹೊತ್ತಿನಾಗ ಎಲ್ಲಿ ನಿಂತಾನ? ಮ್ಯಾಲೊ, ಕೆಳಗೊ, ಗುಂಡಿಯೊಳಗೊ?"

ನನಗೆ ಬಾಯಿ ಸ್ವಲ್ಪ ಜಾಸ್ತಿ. ಅದೆಲ್ಲ ನಕ್ಷೆಗೆ ಬೇಕಾಗಿಲ್ಲ ಮಿಸ್ತ್ರಿ, ಯಾರು ಯಾವಾಗ ಮಾಡುತ್ತಾರೆ ಅಷ್ಟಿದ್ದರೆ ಸಾಕು ಅಂದುಬಿಟ್ಟೆ. ಅವರು ವಾದ ಮಾಡಲಿಲ್ಲ. ಬದಲಿಯ ಹೆಸರು ಬರೆಸುವ ಜಾಗ ಬಂದಾಗ ಮಾತ್ರ ಬೆರಳಿಟ್ಟು ಕೇಳಿದರು, ಇದು ಏನು ಎಂದು. ನೀವು ಸಿಗದಿದ್ದಾಗ ನಿಮ್ಮ ಪರವಾಗಿ ಉತ್ತರ ಕೊಡುವವರು ಎಂದೆ.

"ಹಂಗಾದ್ರ ನಿನ್ನ ಹೆಸರs ಬರಿ," ಅಂದರು. "ಮಾಡಿದಾಕಿ ನೀನು, ಕಾಯಾಕಿನೂ ನೀನs ಆಗು."

ಇಬ್ಬರೂ ನಕ್ಕೆವು. ಪರೀಕ್ಷೆಗೆಂದು ಸದ್ಯಕ್ಕೆ ನನ್ನ ಹೆಸರೇ ಇರಲಿ, ಆಮೇಲೆ ಬದಲಿಸಿದರಾಯಿತು ಎಂದು ಬರೆದೆ. ಆ ಆಮೇಲೆ ಬರಲೇ ಇಲ್ಲ.

ಹೋಗುವಾಗ ಅವರು ನನ್ನನ್ನೂ ಎಬ್ಬಿಸಿ ಬೈಕುಲ್ಲಾಕ್ಕೆ ಕರೆದುಕೊಂಡು ಹೋದರು. ಮಾರ್ಕೆಟ್ಟಿನ ಹಿಂದೆ ಒಂದು ಹಳೆ ಬಿಲ್ಡಿಂಗು. ಮೇಲಿನ ಮಷಿನ್ ರೂಮಿಗೆ ಹತ್ತಿ ಮೇನ್ ಸ್ವಿಚ್ ಎಳೆದರು, ಮೂರು ಫ್ಯೂಸನ್ನೂ ಒಂದೊಂದಾಗಿ ಕಿತ್ತು ಎಡಜೇಬಿಗೆ ಹಾಕಿಕೊಂಡರು, ಜೇಬಿನ ಮೇಲೆ ಒಮ್ಮೆ ಕೈಯಾಡಿಸಿದರು. ಕೆಳಗೆ ಬಂದು ನೆಲಮಟ್ಟದ ಲಿಫ್ಟ್ ಬಾಗಿಲನ್ನು ಚಾವಿಯಿಂದ ತೆರೆದರು. ಲಿಫ್ಟು ಮೇಲೆಲ್ಲೋ ನಿಂತಿತ್ತು. ಬಾಗಿಲಾಚೆ ನೆಲವಿರಲಿಲ್ಲ, ಆಳೆತ್ತರದ ಗುಂಡಿಯಿತ್ತು. ಗ್ರೀಸಿನ, ನಿಂತ ನೀರಿನ, ಇಲಿಯ ವಾಸನೆ.

"ಇಳೀತೀ ಏನು?" ಎಂದು ಕೇಳಿದರು.

ಬಗ್ಗಿ ನೋಡಿದೆ. ಹಿಂದಕ್ಕೆ ಸರಿದೆ. ಇನ್ನೊಂದು ಸಲ ಎಂದೆ. ಅವರು ಕಬ್ಬಿಣದ ಮೆಟ್ಟಿಲು ಹಿಡಿದು ಇಳಿದು, ಕೆಳಗಿನಿಂದಲೇ ಮಾತಾಡಿದರು. ಅವರಿಗೆ ಕೆಲಸ ಕಲಿಸಿದ ಉಸ್ತಾದ್ ಇಂಥದ್ದೇ ಒಂದು ಗುಂಡಿಯಲ್ಲಿದ್ದಾಗ, ಎಲ್ಲರೂ ಹೊರಗಿದ್ದಾರೆ ಎಂದು ಯಾರೋ ಹೇಳಿದರಂತೆ, ಇನ್ಯಾರೋ ನಂಬಿದರಂತೆ, ಮತ್ತೊಬ್ಬರು ಸ್ವಿಚ್ ಹಾಕಿದರಂತೆ. ಮೂವರೂ ಒಳ್ಳೆಯವರೇ ಎಂದರು ಮಿಸ್ತ್ರಿ. ಅಂದಿನಿಂದ ಫ್ಯೂಸು ಅವರ ಜೇಬಿನಲ್ಲಿ.

"ಲಿಫ್ಟ್ ಭಾಳ ಮಾತು ಕೇಳೂ ಪ್ರಾಣಿ ಬೇಟಿ. ಯಾರ್ ಹೇಳಿದ್ರೂ ಕೇಳ್ತೈತಿ. ಅದಕ್ಕs ಅಂಜಬೇಕು. ಕಣ್ಣಿಲೆ ನೋಡಬೇಕು, ಬಾಯಿಲೆ ಕರೀಬೇಕು, ಆಮ್ಯಾಲ ಕರೆಂಟ್ ಕೊಡಬೇಕು."

ಅವರು ಅದನ್ನು ಹೇಳುತ್ತಿರುವಾಗ ನಾನು ಒಂದು ಫೋಟೋ ತೆಗೆಯೋಣವೆಂದು ಫೋನನ್ನು ಗುಂಡಿಯೊಳಗೆ ಚಾಚಿದೆ. ಫೋನಿನ ತುದಿಯಲ್ಲಿ ನೆಟ್‌ವರ್ಕಿನ ಗೆರೆಗಳು ಒಂದೊಂದಾಗಿ ಆರಿಹೋದದ್ದನ್ನು ನೋಡಿದೆ. ನೋಡಿದೆ, ಆದರೆ ನನ್ನ ತಲೆಗೆ ಹೋಗಲಿಲ್ಲ. ಈಗಲೂ ಆ ಫೋಟೋ ನನ್ನ ಹತ್ತಿರ ಇದೆ, ತೆಗೆದು ನೋಡುವ ಧೈರ್ಯ ಕಡಿಮೆ.

ನಕ್ಷೆ ಚಾಲೂ ಆಯಿತು. ಎರಡು ತಿಂಗಳು ಎಲ್ಲರೂ ಹೊಗಳಿದರು. ಮಿಸ್ತ್ರಿಯ ಬದಲಿಯಾಗಿ ನನ್ನ ಫೋನಿಗೆ ಆಗಾಗ ಸಂದೇಶ ಬರುತ್ತಿತ್ತು: ಮಿಸ್ತ್ರಿ ಉತ್ತರಿಸುತ್ತಿಲ್ಲ, ಈ ಕೆಲಸ ಈಗ ನಿಮ್ಮದು. ಸಾಮಾನು ಬಂತೇ? ಹೌದು. ಗಿರಾಕಿಗೆ ತಿಳಿಸಿದ್ದಾಯಿತೇ? ಹೌದು. ಮೊದಮೊದಲು ಫೋನ್ ಮಾಡಿ ವಿಚಾರಿಸುತ್ತಿದ್ದೆ. ಕೆಲವು ಸಲ ಅವರು ಸಿಗುತ್ತಿರಲಿಲ್ಲ, ಸಂಜೆ ಸಿಕ್ಕಾಗ ಎಲ್ಲ ಆಗಿಯೇ ಇರುತ್ತಿತ್ತು. ಆಮೇಲಾಮೇಲೆ ವಿಚಾರಿಸುವುದು ಬಿಟ್ಟು ಹೌದು ಎಂದು ಒತ್ತುವ ಅಭ್ಯಾಸ ಕೈಗೆ ಬಂತು. ನಮ್ಮ ಅಮ್ಮ ಟೀವಿ ನೋಡುತ್ತ ನಾನು ಹೇಳಿದ್ದಕ್ಕೆಲ್ಲ "ಹೌದು ಮಾರಾಯ್ತಿ" ಅನ್ನುತ್ತಾಳಲ್ಲ, ಥೇಟ್ ಹಾಗೆ.

ಒಂದು ಬುಧವಾರ ಬೆಳಿಗ್ಗೆ ಹೊಸ ಗಿರಾಕಿಗಳಿಗೆ ನಾನು ನಕ್ಷೆ ತೋರಿಸುತ್ತಿದ್ದೆ. ದೊಡ್ಡ ಪರದೆ, ಎಂಟು ಹತ್ತು ಜನ, ಬಿಸಿ ಕಾಫಿ. ನನ್ನ ಫೋನನ್ನು ಪರದೆಗೇ ಜೋಡಿಸಿದ್ದೆ. ನಡುವೆ ಸಂದೇಶ ಬಂತು. ಮಿಸ್ತ್ರಿ ಉತ್ತರಿಸುತ್ತಿಲ್ಲ, ಈ ಕೆಲಸ ಈಗ ನಿಮ್ಮದು. ಅದರ ಕೆಳಗೆ ಪ್ರಶ್ನೆ: ಗುಂಡಿ ಖಾಲಿ ಇದೆಯೇ?

ನನಗೆ ಖುಷಿಯಾಯಿತು. ಅದನ್ನು ಮುಚ್ಚಿಡುವುದಿಲ್ಲ. ನೋಡಿ, ನಿಜವಾದ ಕೆಲಸವೇ ನಿಮ್ಮ ಕಣ್ಣೆದುರು ಬಂತು ಎಂದೆ. ಒಬ್ಬ ಮನುಷ್ಯ ಎಲ್ಲೋ ಚಹಾಕ್ಕೆ ಹೋಗಿದ್ದಾನೆ, ನಮ್ಮ ನಕ್ಷೆ ಅವನಿಗಾಗಿ ಕಾಯುವುದಿಲ್ಲ, ಬಳುಕಿ ಮುಂದೆ ಹೋಗುತ್ತದೆ ಎಂದು ವಿವರಿಸಿ, ಎಲ್ಲರೂ ನೋಡುತ್ತಿರುವಂತೆ ಹೌದು ಎಂದು ಒತ್ತಿದೆ. ಚೌಕ ಹಸಿರಾಯಿತು. ಬಾಣ ಮುಂದಿನ ಚೌಕಕ್ಕೆ ಹೋಯಿತು. ಬಾಸ್ ನನ್ನ ಕಡೆ ನೋಡಿ ತಲೆಯಾಡಿಸಿದರು.

ಮಧ್ಯಾಹ್ನ ಊಟದ ಹೊತ್ತಿಗೆ ಮಿಸ್ತ್ರಿ ಬಂದರು. ಎರಡೂ ಮೊಣಕಾಲಿಗೆ ಗ್ರೀಸು ಮೆತ್ತಿತ್ತು. ಮೆಟ್ಟಿಲಿನಿಂದಲೇ ಜೇಬಿನ ಸದ್ದು ಕೇಳಿಸಿತ್ತು. ನನ್ನೆದುರು ಕೂತು, ಜೇಬಿನಿಂದ ಮೂರು ಫ್ಯೂಸನ್ನೂ ತೆಗೆದು ನನ್ನ ಕೀಬೋರ್ಡಿನ ಪಕ್ಕ ಒಂದೊಂದಾಗಿ ಇಟ್ಟರು.

"ಹನ್ನೊಂದೂವರಿಗೆ ಎಲ್ಲಿದ್ದಿ?"

"ಇಲ್ಲೇ. ಮೀಟಿಂಗಿನಲ್ಲಿ."

"ನಾ ಎಲ್ಲಿದ್ದೆ?"

ನನಗೆ ಆಗಲೇ ಅರ್ಥವಾಗಿತ್ತು. ಗೊತ್ತಿಲ್ಲ ಎಂದೆ.

"ಗೊತ್ತಿಲ್ಲದs ಹೌದು ಅಂದಿ," ಎಂದರು. ಧ್ವನಿ ಏರಲಿಲ್ಲ. ಏರಿದ್ದರೆ ಎಷ್ಟೋ ಚೆನ್ನಾಗಿತ್ತು.

ಆದದ್ದು ಇಷ್ಟು. ಅವರು ಗುಂಡಿಯಲ್ಲಿದ್ದರು. ಅಲ್ಲಿ ಫೋನು ಸತ್ತಿರುತ್ತದೆ. ಅರ್ಧ ಗಂಟೆಯಾಯಿತು, ನನ್ನ ನಿಯಮದ ಪ್ರಕಾರ ಅವರು ಸಿಗದ ಮನುಷ್ಯ. ನಾನು ಹೌದು ಎಂದ ಕೂಡಲೇ ಮೇಲೆ ಮಷಿನ್ ರೂಮಿನಲ್ಲಿದ್ದ ಹೊಸ ಮೆಕ್ಯಾನಿಕ್‌ನ ಫೋನಿಗೆ ಹೋಯಿತು: ಗುಂಡಿ ಖಾಲಿ, ಕರೆಂಟ್ ಕೊಡಿ. ಅವನು ಬಿಹಾರದವನು, ಎರಡು ಮಕ್ಕಳ ತಂದೆ, ಹೇಳಿದ ಮಾತು ತಪ್ಪದವನು. ಸ್ವಿಚ್ ಹಾಕಿದ. ಏನೂ ಆಗಲಿಲ್ಲ. ನೋಡಿದರೆ ಫ್ಯೂಸಿನ ಜಾಗ ಮೂರೂ ಖಾಲಿ. ಅವನ ಚೀಲದಲ್ಲಿ ಬೇರೆ ಮೂರು ಇದ್ದವು. ಚೀಲಕ್ಕೆ ಕೈ ಹಾಕಿದವನಿಗೆ ಮಿಸ್ತ್ರಿ ಮೊದಲ ದಿನ ಹೇಳಿದ್ದು ನೆನಪಾಯಿತಂತೆ, ಖಾಲಿ ಜಾಗ ಕಂಡರೆ ಕೈ ಆಡಿಸಬೇಡ, ಬಾಯಿ ತೆಗೆ ಎಂದು. ಲಿಫ್ಟಿನ ಹಗ್ಗ ಇಳಿಯುವ ಕಂಡಿಯಲ್ಲಿ, ಬಾವಿಯಂಥ ಕತ್ತಲಿಗೆ ಬಗ್ಗಿ, "ಚಾಚಾ, ಅಂದರ್ ಹೋ ಕ್ಯಾ?" ಒಳಗಿದ್ದೀರಾ ಎಂದು ಕೂಗಿದ. ಕೆಳಗಿನಿಂದ ಉತ್ತರ ಬಂತು.

"ಉತ್ತರ ಕೊಟ್ಟೆ. ಅದಕ್ಕs ನಿನ್ನ ಮುಂದ ಕುಂತೀನಿ," ಎಂದರು ಮಿಸ್ತ್ರಿ.

ನಾನು ಅತ್ತೆ. ಅವರು ಚಾ ಕುಡಿಸು ಎಂದರು. ಹೋಟೆಲಿನಿಂದ ಚಾ ಬಂತು, ಬಸಿಗೆ ಸುರಿದು ಕುಡಿದರು. ಬಟನ್ ಒತ್ತಿದವರು ಯಾರು ಎಂದು ತಮ್ಮ ಕಂಪನಿಯಲ್ಲಿ ಹೇಳಲಿಲ್ಲ, ನಮ್ಮ ಬಾಸ್‌ಗೂ ಹೇಳಲಿಲ್ಲ. ಹೇಳಬೇಕಾಗಿದ್ದವಳು ನಾನು. ಹೇಳಿದೆ, ಮಾರನೆಯ ದಿನ. ನಡುವಿನ ಆ ಒಂದು ದಿನದ ನಾಚಿಕೆ ನನ್ನದೇ.

ಬಾಸ್ ಗಾಬರಿಯಾದರು, ಬೈದರು, ಮಿಸ್ತ್ರಿಯನ್ನು ಕರೆಸಿ ಕೈಮುಗಿದರು. ಕೆಲಸ ಬದಲಿಗೆ ಹೋಗುವ ಮುನ್ನ ಕಾಯುವ ಹೊತ್ತನ್ನು ಅರ್ಧ ಗಂಟೆಯಿಂದ ಎರಡು ಗಂಟೆಗೆ ಏರಿಸೋಣ ಎಂದರು. ಮಿಸ್ತ್ರಿ ಒಪ್ಪಲಿಲ್ಲ. ಬದಲಿಯೇ ಇಲ್ಲದ ಒಂದು ಚೌಕ ಬೇಕು, ಒಳಗೆ ಇಳಿಯುವವನೇ ಅದನ್ನು ತೆರೆಯಬೇಕು, ಹತ್ತಿ ಬಂದವನೇ ಮುಚ್ಚಬೇಕು ಎಂದು ಹಟ ಹಿಡಿದರು.

"ಮಿಸ್ತ್ರಿಜೀ, ಅದಕ್ಕೆ ಫ್ಲೆಕ್ಸಿಬಲ್ ಅನ್ನೋದಿಲ್ಲ," ಎಂದರು ಬಾಸ್. "ಆ ಮನುಷ್ಯನಿಗೆ ಹುಷಾರಿಲ್ಲದೆ ಹೋದರೆ? ಲಿಫ್ಟು ಹಾಗೇ ನಿಂತಿರುತ್ತದಲ್ಲ?"

"ನಿಂತ್ರ ನಿಲ್ಲಲಿ. ನಿಂತ ಲಿಫ್ಟ್ ಇವತ್ತಿನತನಕಾ ಯಾರನ್ನೂ ಕೊಂದಿಲ್ಲ."

"ಅವನು ಸತ್ತೇ ಹೋದರೆ?"

ಮಿಸ್ತ್ರಿ ಬಾಸ್ ಕಡೆಗಲ್ಲ, ನನ್ನ ಕಡೆ ನೋಡಿದರು. "ಸತ್ರ, ಬಂದು ಇಳದು ನೋಡ್ರಿ. ಹೆಸರು ಹಿಡದು ಕರೀರಿ. ಓ ಅನ್ನಲಿಲ್ಲಂದ್ರ ಮುಚ್ರಿ."

ನನ್ನ ಭಾಷೆಯ ಮೊದಲ ನಿಯಮವನ್ನು ನಾನೇ ಮುರಿದೆ. ಹದಿನೈದು ದಿನ ಹಿಡಿಯಿತು. ಭಾಷೆಯ ಬುಡದಲ್ಲೇ ಬದಲಿ ಇದ್ದುದರಿಂದ ಒಂದು ಕಡೆ ಕಿತ್ತರೆ ಹತ್ತು ಕಡೆ ಜಗ್ಗುತ್ತಿತ್ತು. ಕೊನೆಗೊಂದು ದಪ್ಪ ಅಂಚಿನ ಕಪ್ಪು ಚೌಕ ಬಂತು. ತೆರೆದವರ ಹೊರತು ಬೇರೆ ಯಾರ ಫೋನಿಗೂ ಅದು ಹೋಗುವುದಿಲ್ಲ, ಅದು ಮುಚ್ಚದೆ ಮುಂದಿನ ಬಾಣ ಕದಲುವುದಿಲ್ಲ. ನಮ್ಮ ಆಫೀಸಿನಲ್ಲಿ ಅದಕ್ಕೆ ಮಿಸ್ತ್ರಿ ಚೌಕ ಎಂದೇ ಹೆಸರು. ಬಾಯ್ಲರ್ ತೊಳೆಯುವವರು, ಟ್ಯಾಂಕಿಗೆ ಇಳಿಯುವವರು ಈಗ ಅದನ್ನು ಕೇಳಿ ಹಾಕಿಸಿಕೊಳ್ಳುತ್ತಾರೆ. ತೀರಾ ಅನಿವಾರ್ಯವಾದರೆ ಹಿಂದಿನಿಂದ ಮುಚ್ಚುವ ಒಂದು ದಾರಿ ಇಟ್ಟೆ. ಅದರ ಚಾವಿ ನನ್ನೊಬ್ಬಳ ಹತ್ತಿರ.

ಮಿಸ್ತ್ರಿಗೆ ಮೊದಲ ಸಲ ತೋರಿಸಿದಾಗ ಅವರು ಚೌಕದ ಕಪ್ಪು ಅಂಚನ್ನು ಪರದೆಯ ಮೇಲೆ ಬೆರಳಿನಿಂದ ಒಂದು ಸುತ್ತು ಸವರಿದರು. "ಜೇಬು ಹೊಲದಿ ಬೇಟಿ," ಎಂದರು. ಆದರೂ ಫ್ಯೂಸನ್ನು ಜೇಬಿಗೆ ಹಾಕುವುದನ್ನು ಬಿಡಲಿಲ್ಲ. ನನ್ನ ಚೌಕದ ಮೇಲೆ ನಂಬಿಕೆ ಇಲ್ಲವೇ ಎಂದು ಕೆಣಕಿದರೆ, ಅಲ್ಲಾಹನ ಮೇಲೂ ನಂಬಿಕೆ ಇದೆ, ಮನೆಗೆ ಬೀಗವನ್ನೂ ಹಾಕುತ್ತೇನೆ ಎಂದು ನಗುತ್ತಿದ್ದರು.

ಈ ವರ್ಷ ಬೇಸಿಗೆಯ ಶುರುವಿನಲ್ಲಿ ಅವರಿಗೆ ದಹಿಸರ್‌ನಲ್ಲೇ ಒಂದು ಕೆಲಸ ಬಿತ್ತು. ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ, ಏಳು ಮಾಳಿಗೆಯ ಹಳೇ ಬಿಲ್ಡಿಂಗು. ಮಷಿನ್ ರೂಮಿನಲ್ಲಿ ಕರೆಂಟ್ ತೆಗೆದರು, ಫ್ಯೂಸು ಜೇಬಿಗೆ ಹಾಕಿದರು, ಫೋನಿನಲ್ಲಿ ಕಪ್ಪು ಚೌಕ ತೆರೆದರು. ಇಳಿದು ಬರುವಾಗ ಎರಡನೇ ಮಾಳಿಗೆಯ ಮೆಟ್ಟಿಲ ಮೇಲೆ ಕೂತುಬಿಟ್ಟರಂತೆ. ಬೆವರು ಕಿತ್ತು ಬರುತ್ತಿತ್ತು. ಬಿಲ್ಡಿಂಗಿನವರೇ ಆಸ್ಪತ್ರೆಗೆ ಒಯ್ದರು. ಮೂರನೆಯ ದಿನ ತೀರಿಕೊಂಡರು. ನನಗೆ ಸುದ್ದಿ ಬರುವಷ್ಟರಲ್ಲಿ ಮಣ್ಣೂ ಆಗಿತ್ತು.

ಅದರ ಮರುದಿನ ಲಿಫ್ಟ್ ಕಂಪನಿಯ ಮ್ಯಾನೇಜರರ ಫೋನು ಬಂತು. ನಾಲ್ಕು ದಿನದಿಂದ ಲಿಫ್ಟು ನಿಂತಿದೆ, ಮೇಲಿನ ಮಾಳಿಗೆಯ ಮುದುಕರು ಇಳಿಯಲಾರದೆ ಕೂತಿದ್ದಾರೆ, ಸೊಸೈಟಿಯ ಸೆಕ್ರೆಟರಿ ತಲೆ ತಿನ್ನುತ್ತಿದ್ದಾರೆ. ಚೌಕ ಮುಚ್ಚುತ್ತಿಲ್ಲ, ಹಿಂದಿನಿಂದ ಮುಚ್ಚಿಬಿಡಿ ಮೇಡಂ, ಬೇರೆ ಫ್ಯೂಸು ಹಾಕುತ್ತೇವೆ ಎಂದರು.

ಕಂಪ್ಯೂಟರು ತೆರೆದೆ. ಹಸಿರು ಚೌಕಗಳ ನಡುವೆ ಅದೊಂದು ಕಪ್ಪಾಗಿತ್ತು. ಅವರ ಹೆಸರು, ಅದರ ಪಕ್ಕ ನಾನೇ ಬರೆದ ಒಂದು ಮಾತು: ಒಳಗಿದ್ದಾರೆ. ಮುಚ್ಚಲು ಒಂದು ಕ್ಷಣ ಸಾಕಿತ್ತು. ಗುಂಡಿ ಖಾಲಿ ಎಂಬುದು ಈ ಸಲ ಊರಿಗೇ ಗೊತ್ತಿತ್ತು. ಗೊತ್ತಿದೆ ಎಂದುಕೊಂಡೇ ಅಲ್ಲವೇ ಆವತ್ತೂ ಒತ್ತಿದ್ದು. ಸಂಜೆಯೊಳಗೆ ಆಗುತ್ತದೆ ಎಂದು ಹೇಳಿ ಬೈಕುಲ್ಲಾಕ್ಕೆ ಹೋದೆ.

ಅವರದು ಸಾಲುಕೋಣೆಗಳ ಚಾಳು. ಕೋಣೆಯಲ್ಲಿ ಹೆಂಡತಿ ಚಾಪೆಯ ಮೇಲೆ ಕೂತಿದ್ದರು. ನಾನು ಯಾರೆಂದು ಹೇಳಬೇಕಾಗಲಿಲ್ಲ. ಆಸ್ಪತ್ರೆಯಲ್ಲಿ ಕೊಟ್ಟ ಅವರ ಬಟ್ಟೆಯ ಗಂಟು ಮೂಲೆಯಲ್ಲಿತ್ತು. ಅದರಿಂದ ಕರವಸ್ತ್ರದಲ್ಲಿ ಸುತ್ತಿದ ಒಂದು ಪೊಟ್ಟಣ ತೆಗೆದು ನನ್ನ ಕೈಯಲ್ಲಿಟ್ಟರು.

"ದವಾಖಾನ್ಯಾಗ ಮಾತು ನಿಲ್ಲೂಮಟಾ ಇದನ್ನs ಕೇಳ್ತಿದ್ರು ನೋಡವಾ. ಅಂಗಿ ಎಲ್ಲೈತಿ, ಯಾರಿಗೂ ಕೊಡಬ್ಯಾಡ, ಫೋರ್ಟಿನ ಹುಡುಗಿ ಬರ್ತಾಳ ಅಂತ."

ಪೊಟ್ಟಣವನ್ನು ಬ್ಯಾಗಿನ ಹೊರಜೇಬಿಗೆ ಹಾಕಿ ಲೋಕಲ್ ರೈಲು ಬದಲಿಸಿ ದಹಿಸರ್ ಸೇರಿದೆ.

ಬಿಲ್ಡಿಂಗಿನಲ್ಲಿ ಬಿಹಾರದ ಆ ಮೆಕ್ಯಾನಿಕ್ ಕಾಯುತ್ತಿದ್ದ. ಬಾಗಿಲು ತೆರೆದುಕೊಟ್ಟ. ತಾನೇ ಇಳಿಯುತ್ತೇನೆ ಎಂದ. ಬೇಡ ಎಂದು ಬ್ಯಾಗನ್ನು ಅಡ್ಡ ಹಾಕಿಕೊಂಡು ಇಳಿದೆ. ಅದೇ ವಾಸನೆ. ಕಾಲಡಿಯಲ್ಲಿ ಪಚ ಪಚ ಎನ್ನುವ ಎಣ್ಣೆ. ತಲೆಯೆತ್ತಿದರೆ ಒಂದು ಮಾಳಿಗೆಯ ಎತ್ತರದಲ್ಲಿ ಲಿಫ್ಟಿನ ಕಪ್ಪು ತಳ, ನನ್ನ ನೆತ್ತಿಗೆ ಸರಿಯಾಗಿ. ಮೂರು ಫ್ಯೂಸೂ ನನ್ನ ಬ್ಯಾಗಿನಲ್ಲಿವೆ, ಅದು ಕದಲಲಾರದು ಎಂದು ಗೊತ್ತಿತ್ತು. ಆದರೂ ಬ್ಯಾಗಿನ ಹೊರಜೇಬನ್ನು ಮುಟ್ಟಿ ನೋಡಿಕೊಂಡೆ. ಮೇಲೆ ಯಾವ ಮಾಳಿಗೆಯಲ್ಲೋ ಯಾರೋ ತಾಳ್ಮೆಗೆಟ್ಟು ಲಿಫ್ಟಿನ ಬಟನ್ ಒತ್ತುತ್ತಿದ್ದ ಟಕ್ ಟಕ್ ಸದ್ದು ಕೇಳುತ್ತಿತ್ತು. ಫೋನು ತೆಗೆದು ನೋಡಿದೆ, ಒಂದು ಗೆರೆಯೂ ಇಲ್ಲ. ಇಲ್ಲಿ ನಿಂತವರನ್ನು ನನ್ನ ನಕ್ಷೆ ಸಿಗದವರು ಎಂದು ಕರೆದಿತ್ತು.

ನಾಲ್ಕೂ ಮೂಲೆ ಕಣ್ಣಿಟ್ಟು ನೋಡಿದೆ. ಆಮೇಲೆ ಅವರ ಹೆಸರು ಹಿಡಿದು ಗಟ್ಟಿಯಾಗಿ ಕರೆದೆ, ಪೂರ್ತಿ ಹೆಸರು, ಅವರ ಅಪ್ಪನ ಹೆಸರೂ ಸೇರಿಸಿ. ಸದ್ದು ಏಳು ಮಾಳಿಗೆ ಹತ್ತಿ ಹೋಯಿತು. ಓ ಎನ್ನುವಷ್ಟು ಹೊತ್ತು ಕಾದೆ. ಯಾರೂ ಅನ್ನಲಿಲ್ಲ.

ಹತ್ತಿ ಬಂದು, ಬಾಗಿಲು ಮುಚ್ಚಿಸಿ, ಮೆಟ್ಟಿಲಿನಲ್ಲೇ ಮಷಿನ್ ರೂಮಿಗೆ ಹೋದೆ. ನನ್ನ ಚಾವಿಯಿಂದ ಹಿಂದಿನ ದಾರಿ ತೆರೆದೆ. ಗುಂಡಿ ಖಾಲಿ ಇದೆಯೇ ಎಂದು ಫೋನು ಕೇಳಿತು. ಹೌದು ಎಂದೆ. ಕಪ್ಪು ಚೌಕ ಮುಚ್ಚಿತು. ಕರವಸ್ತ್ರ ಬಿಚ್ಚಿ ಮೂರು ಫ್ಯೂಸನ್ನೂ ಒಂದೊಂದಾಗಿ ಕೊಟ್ಟೆ, ಮೆಕ್ಯಾನಿಕ್ ಅವುಗಳ ಜಾಗದಲ್ಲಿ ಕೂರಿಸಿದ, ಸ್ವಿಚ್ ಹಾಕಿದ. ಕೆಳಗೆ ಯಾರೋ ಹತ್ತಿಕೊಂಡರು, ಹಗ್ಗಗಳು ಓಡತೊಡಗಿದವು.

ಆ ಫ್ಯೂಸುಗಳು ಆ ಬಿಲ್ಡಿಂಗಿನವು, ಅಲ್ಲೇ ಇವೆ. ನನ್ನ ಬ್ಯಾಗಿನ ಹೊರಜೇಬಿನಲ್ಲಿ ಒಂದು ಗ್ರೀಸಿನ ಕಲೆ ಬಿಟ್ಟರೆ ಏನೂ ಇಲ್ಲ. ಆದರೂ ಈಗ ಫೋನು ಏನನ್ನಾದರೂ ಕೇಳಿದರೆ, ಹೌದು ಎಂದು ಒತ್ತುವ ಮೊದಲು ನನ್ನ ಕೈ ಅಲ್ಲಿಗೆ ಹೋಗುತ್ತದೆ.